ಬೇಡುವ ನುಡಿ, ನೆನೆಯುವ ನುಡಿ

ಪ್ರಾರ್ಥನೆಗಿಂತ ಧ್ಯಾನ ಮೇಲು ಎಂಬ ಮಾತು ಈಚೆಗೆ ವಿದ್ಯಾವಂತರ ನಾಲಗೆಯ ಮೇಲೆ ಧಾರಾಳವಾಗಿ ಓಡಾಡುತ್ತಿದೆ. ದೇವರ ಮುಂದೆ ಕೈಯೊಡ್ಡಿ ಬೇಡುವುದು ಹಳಬರ ಪದ್ಧತಿ. ಕಣ್ಣು ಮುಚ್ಚಿ ಉಸಿರನ್ನು ಗಮನಿಸುತ್ತ ಕೂಡುವುದು ತಿಳಿದವರ ಪದ್ಧತಿ. ಹೀಗೆ ಹೇಳುವವರನ್ನು ನಾವೆಲ್ಲರೂ ಕಂಡಿದ್ದೇವೆ. 2024ರಲ್ಲಿ ವಿಶ್ವಸಂಸ್ಥೆಯು ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ಸಾರಿದ ಮೇಲಂತೂ ಈ ಮಾತಿಗೆ ಇನ್ನಷ್ಟು ಗೌರವ ಬಂದಿದೆ. ಅದರಲ್ಲಿ ತಪ್ಪೇನೂ ಇಲ್ಲ. ಗದ್ದಲದ ನಡುವೆ ಬದುಕುವವರಿಗೆ ದಿನಕ್ಕೆ ಅರ್ಧ ಗಂಟೆಯ ಮೌನ ದೊರೆತರೆ ಯಾರಿಗೆ ನಷ್ಟ? ನಮ್ಮ ತಕರಾರು ಬೇರೆ. ಇದೇ ಏಣಿಯನ್ನು ತಂದು ಕನ್ನಡ ಸಾಹಿತ್ಯಕ್ಕೆ ಒರಗಿಸಿ, ಮೇಲಿನ ಮೆಟ್ಟಲಿನಲ್ಲಿ ಅಲ್ಲಮಪ್ರಭುವನ್ನೂ ಕೆಳಗಿನ ಮೆಟ್ಟಲಿನಲ್ಲಿ ಬಸವಣ್ಣನನ್ನೂ ಅದಕ್ಕೂ ಕೆಳಗೆ ದಾಸರನ್ನೂ ಕೂರಿಸುವ ಅಭ್ಯಾಸವೊಂದು ಬೆಳೆಯುತ್ತಿದೆ. ಪದವಿ ತರಗತಿಯ ಉತ್ತರಪತ್ರಿಕೆಗಳಲ್ಲಿ ಅದು ಈಗ ಬಾಯಿಪಾಠದ ವಾಕ್ಯವಾಗಿದೆ: ಬಸವಣ್ಣ ಭಕ್ತ, ಅಲ್ಲಮ ಜ್ಞಾನಿ, ಒಬ್ಬ ಬೇಡಿದ, ಇನ್ನೊಬ್ಬ ಅರಿತ. ಅಂಕ ಕೊಡಲು ಅಡ್ಡಿಯಿಲ್ಲದ ವಾಕ್ಯ. ಆದರೆ ಒಬ್ಬ ಕವಿಯನ್ನು ಓದದೆ ಬಿಡುವುದಕ್ಕೆ ಇಷ್ಟು ಅನುಕೂಲವಾದ ವಾಕ್ಯ ಬೇರೊಂದಿಲ್ಲ.

ಮೊದಲು ಶಬ್ದಗಳನ್ನೇ ನೋಡೋಣ. ಪ್ರಾರ್ಥನೆ, ಧ್ಯಾನ ಎರಡೂ ಸಂಸ್ಕೃತದಿಂದ ಬಂದವು. ಮೊದಲನೆಯದರ ಧಾತುವಿನಲ್ಲಿ ಬೇಡಿಕೆ ಇದೆ, ಎರಡನೆಯದರ ಧಾತುವಿನಲ್ಲಿ ಚಿಂತನೆ ಇದೆ. ಸಂಸ್ಕೃತದಲ್ಲಿ ಗಡಿ ಸ್ಪಷ್ಟ. ಕನ್ನಡದ ಮನೆಮಾತಿನಲ್ಲಿ ಅಷ್ಟು ಸ್ಪಷ್ಟವಲ್ಲ. ನಮ್ಮಲ್ಲಿ ಬೇಡು ಇದೆ, ಮೊರೆಯಿಡು ಇದೆ, ಹರಸಿಕೊಳ್ಳು ಇದೆ, ವಿಜ್ಞಾಪನೆಯ ತದ್ಭವವಾದ ಬಿನ್ನಹ ಇದೆ. ಇವೆಲ್ಲ ಪ್ರಾರ್ಥನೆಯ ಬಳಗ. ಧ್ಯಾನಕ್ಕೆ? 'ನೆನೆ' ಎಂಬ ಒಂದೇ ಒಂದು ಮಾತು. ಬೆಳಗಿನ ಜಾವ ರಾಗಿ ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಗಳು ಭೂಮಿತಾಯಿಯನ್ನೂ ಶಿವನನ್ನೂ ತವರನ್ನೂ 'ನೆನೆದಳು' ಎಂದರೆ, ಅವಳು ಪ್ರಾರ್ಥಿಸಿದಳೋ ಧ್ಯಾನಿಸಿದಳೋ? ಆ ತ್ರಿಪದಿಗಳನ್ನು ಬಲ್ಲವರು ಈ ಪ್ರಶ್ನೆಯನ್ನು ಕೇಳಲಾರರು. ಅವಳು ಬೇಡುತ್ತಾಳೆ, ಆದರೆ ಬೇಡಿಕೆ ಮೂರನೆಯ ಸಾಲಿನಲ್ಲಿ ಸುಮ್ಮನೆ ಹಾದುಹೋಗುತ್ತದೆ; ಉಳಿಯುವುದು ಕಲ್ಲಿನ ಸುತ್ತು, ನೆನಪಿನ ಸುತ್ತು. ಹಳಗನ್ನಡದಲ್ಲಿ ಸ್ಮರಿಸುವುದಕ್ಕೆ 'ನೆನೆ' ಎಂದೂ ಒದ್ದೆಯಾಗುವುದಕ್ಕೆ 'ನನೆ' ಎಂದೂ ಬೇರೆಬೇರೆ ಧಾತುಗಳಿದ್ದುವು. ಕಾಲಕ್ರಮದಲ್ಲಿ ಅವು ಬೆರೆತು ಹೊಸಗನ್ನಡದಲ್ಲಿ ಎರಡಕ್ಕೂ ನೆನೆಯುವುದೇ ಆಯಿತು. ಭಾಷಾಶಾಸ್ತ್ರದ ದೃಷ್ಟಿಯಿಂದ ಇದು ಬರಿಯ ಆಕಸ್ಮಿಕ. ಆದರೂ ಒಳ್ಳೆಯ ಆಕಸ್ಮಿಕ ಎನ್ನಬೇಕು.

ನೆಲಮಂಗಲ ತಾಲ್ಲೂಕಿನ ಶಿವಗಂಗೆಯನ್ನು ಹತ್ತಿದವರಿಗೆ ಒಳಕಲ್ಲು ತೀರ್ಥ ಗೊತ್ತು. ಬಂಡೆಯಲ್ಲಿ ಒರಳಿನಂಥ ಒಂದು ಗುಳಿ. ಕೈಯಿಳಿಸಿದಾಗ ನೀರು ತಗುಲಿದರೆ ನೆನೆಸಿದ ಕಾರ್ಯ ಕೈಗೂಡುತ್ತದೆಂಬ ನಂಬಿಕೆ. ಸಾಲಿನಲ್ಲಿ ನಿಂತು ಕೈಯಿಳಿಸುವವರ ಮುಖವನ್ನು ನೋಡಬೇಕು. ಕೈ ಒಳಗೆ ಹೋದ ಆ ಒಂದು ಕ್ಷಣದಲ್ಲಿ ಮದುವೆ, ಮೊಕದ್ದಮೆ, ಪರೀಕ್ಷೆ ಯಾವುದೂ ಆ ಮುಖದ ಮೇಲಿರುವುದಿಲ್ಲ. ಬೆರಳ ತುದಿಯೊಂದೇ ಇರುತ್ತದೆ. ಯೋಗಶಾಸ್ತ್ರದವರು ಏಕಾಗ್ರತೆಯೆಂದು ಕರೆಯುವುದು ಇದನ್ನಲ್ಲವೆ ಎಂದು ಕೇಳಿದರೆ ನಗುವವರಿದ್ದಾರೆ, ನಗಲಿ.

ಅದೇ ಬೆಟ್ಟದಲ್ಲಿ 1131ರಲ್ಲಿ ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ದೇಹ ಬಿಟ್ಟಳೆಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಹೇಗೆ ಬಿಟ್ಟಳೆಂಬುದನ್ನು ಕುರಿತು ಕಾದಂಬರಿಕಾರರೂ ಸ್ಥಳದ ಮಾರ್ಗದರ್ಶಕರೂ ಬೇಕಾದಷ್ಟು ಹೇಳಿದ್ದಾರೆ. ತುದಿಯ ಬಂಡೆಗೆ ಅವಳ ಹೆಸರನ್ನೂ ಇಟ್ಟಿದ್ದಾರೆ. ನಮಗೆ ಇಲ್ಲಿ ಮುಖ್ಯವಾದವಳು ಅವಳಲ್ಲ, ಅವಳ ತಾಯಿ. ಗಂಡ ಮಾರಸಿಂಗಯ್ಯ ಶೈವ, ಹೆಂಡತಿ ಮಾಚಿಕಬ್ಬೆ ಜೈನಳು. ಮಗಳು ಇಲ್ಲವಾದ ಮೇಲೆ ಮಾಚಿಕಬ್ಬೆ ಬೆಳಗೊಳಕ್ಕೆ ಹೋಗಿ ಒಂದು ತಿಂಗಳು ಅನಶನವ್ರತ ಕೈಗೊಂಡು ಸಮಾಧಿಮರಣವನ್ನು ಹೊಂದಿದಳು. ಆಗಿನ ಅವಳ ಸ್ಥಿತಿಯನ್ನು ಶಾಸನಕವಿ ಚಿತ್ರಿಸುವ ಕ್ರಮವನ್ನು ಗಮನಿಸಬೇಕು: ಅರೆಮುಚ್ಚಿದ ಕಣ್ಣು, ತುಟಿಯಲ್ಲಿ ಪಂಚಪದಗಳ ಉಚ್ಚಾರ, ಒಳಗೆ ಜಿನೇಂದ್ರನ ಧ್ಯಾನ, ಬಂಧುಗಳನ್ನು ಬೀಳ್ಕೊಡುವಾಗಿನ ಗಾಂಭೀರ್ಯ. ನಾಲ್ಕು ವಿವರ. ತುಟಿಯ ಮಾತೂ ಒಳಗಿನ ಧ್ಯಾನವೂ ಒಂದೇ ಉಸಿರಿನಲ್ಲಿ ಬರುತ್ತವೆ. ಇದರಿಂದ ಅದಕ್ಕೆ ಏರಿದಳು ಎಂದು ಕವಿ ಹೇಳುವುದಿಲ್ಲ. ಕಣ್ಣಂತೂ ಪೂರ್ತಿ ಮುಚ್ಚಿಯೂ ಇಲ್ಲ, ತೆರೆದೂ ಇಲ್ಲ. ಇದರ ಜೊತೆಗೆ ಇನ್ನೊಂದು ಸಂಗತಿ. ಪಂಚಪದವೆಂದರೆ ಪಂಚನಮಸ್ಕಾರ, ಅದರಲ್ಲಿ ಬೇಡಿಕೆಯೇ ಇಲ್ಲ. ಜೈನರ ಜಿನ ವರ ಕೊಡುವ ದೇವರಲ್ಲ. ಕೊಡದವನಿಗೆ ಕೈಮುಗಿಯುವುದು ಪ್ರಾರ್ಥನೆಯೋ ಧ್ಯಾನವೋ ಎಂದು ಯಾರಾದರೂ ಕೇಳಿದರೆ, ಮಗಳನ್ನು ಕಳೆದುಕೊಂಡ ಆ ತಾಯಿಯ ತುಟಿ ಯಾಕೆ ಅಲುಗುತ್ತಿತ್ತು ಎಂಬ ಮರುಪ್ರಶ್ನೆಯನ್ನು ಕೇಳಬೇಕಾಗುತ್ತದೆ.

ಇನ್ನೊಂದು ಸಾಕ್ಷ್ಯ ದೊಡ್ಡಬಳ್ಳಾಪುರದ ಸಮೀಪದ ರಾಜಘಟ್ಟದಲ್ಲಿದೆ. ಮೈಸೂರು ವಿಶ್ವವಿದ್ಯಾನಿಲಯದವರು 2001 ಮತ್ತು 2004ರಲ್ಲಿ ಅಲ್ಲಿ ಅಗೆದಾಗ ಬೌದ್ಧ ಚೈತ್ಯವೊಂದರ, ವಿಹಾರವೊಂದರ ನೆಲಗಟ್ಟು ಹೊರಬಂದಿತು. ಜೊತೆಗೆ ಅಂಗೈಯಲ್ಲಿ ಹಿಡಿಯಬಹುದಾದ ಮಣ್ಣಿನ ಪುಟ್ಟ ಸ್ತೂಪಗಳೂ ಮುದ್ರೆಗಳೂ ರಾಶಿರಾಶಿಯಾಗಿ ಸಿಕ್ಕಿದುವು. ವಿಹಾರ ಭಿಕ್ಷುಗಳದು, ಧ್ಯಾನದ್ದು. ಮಣ್ಣಿನ ಸ್ತೂಪಗಳು ಹರಕೆಯವು. ಧ್ಯಾನಮಾರ್ಗವೆಂದು ಇಂದು ಲೋಕವೆಲ್ಲ ಕೊಂಡಾಡುವ ಬೌದ್ಧಧರ್ಮವೇ ನಮ್ಮ ಬಯಲುಸೀಮೆಗೆ ಬಂದಾಗ ಹರಕೆಯವರನ್ನು ಹೊರಗಿಟ್ಟು ಬಾಗಿಲು ಹಾಕಿಕೊಳ್ಳಲಿಲ್ಲ. ಎರಡಕ್ಕೂ ಒಂದೇ ಅಂಗಳ.

ಈಗ ವಚನಗಳಿಗೆ ಬರೋಣ. ನಮ್ಮ ಏಣಿಯ ಪಂಡಿತರು ಮರೆಯುವ ಮೊದಲ ವಿಷಯ ವ್ಯಾಕರಣದ್ದು. ಪ್ರಾರ್ಥನೆಯ ಕಾವ್ಯಕ್ಕೆ ಮೂರು ಗುರುತುಗಳಿವೆ: ಸಂಬೋಧನೆ, ಮಧ್ಯಮಪುರುಷ, ವಿಧ್ಯರ್ಥದ ಕ್ರಿಯಾಪದ. 'ಎಲೈ', 'ನೀನು', 'ಮಾಡು'. ಧ್ಯಾನದ ಕಾವ್ಯದಲ್ಲಿ ಇವು ಒಂದೊಂದಾಗಿ ಸಡಿಲಗೊಳ್ಳುತ್ತವೆ. ಕರೆಯುವವನು ಹಿಂದೆ ಸರಿಯುತ್ತಾನೆ, ಕರೆಸಿಕೊಳ್ಳುವವನು ವಸ್ತುವಾಗುತ್ತಾನೆ, ಕ್ರಿಯಾಪದ ಇದ್ದೂ ಇಲ್ಲದಂತಾಗುತ್ತದೆ. ಈ ಒರೆಗಲ್ಲಿನ ಮೇಲೆ ಇಬ್ಬರನ್ನೂ ಉಜ್ಜಿ ನೋಡಿದರೆ ಬಾಯಿಪಾಠದ ವಾಕ್ಯ ಉಳಿಯುವುದಿಲ್ಲ.

ತನ್ನ ನಡಿಗೆಯನ್ನೂ ನೋಟವನ್ನೂ ಕೇಳುವ ಶಕ್ತಿಯನ್ನೂ ಕಿತ್ತುಕೊಳ್ಳೆಂದು ಬಸವಣ್ಣ ಕೂಡಲಸಂಗನನ್ನು ಬೇಡುವ ವಚನ ಎಲ್ಲರಿಗೂ ಗೊತ್ತು. ಅದನ್ನು ಹಾಡದ ಸಂಗೀತಗಾರರಿಲ್ಲ. ಹೊರನೋಟಕ್ಕೆ ಇದು ಶುದ್ಧ ಪ್ರಾರ್ಥನೆ: ತಂದೆಯನ್ನು ಕರೆಯುತ್ತಾನೆ, ಮಾಡು ಎನ್ನುತ್ತಾನೆ. ಆದರೆ ಬೇಡುತ್ತಿರುವುದೇನು? ಇಂದ್ರಿಯಗಳು ವಿಷಯಗಳಿಂದ ಹಿಂದೆಗೆಯಬೇಕೆಂದು. ಪತಂಜಲಿ ಇದಕ್ಕೆ ಪ್ರತ್ಯಾಹಾರವೆಂದು ಹೆಸರಿಟ್ಟು, ಧಾರಣ ಧ್ಯಾನ ಸಮಾಧಿಗಳ ಹೊಸ್ತಿಲಲ್ಲಿ ಇರಿಸಿದ. ಯೋಗಿ ಅದನ್ನು ಸ್ವಂತ ಸಾಧನೆಯಿಂದ ಪಡೆಯಲು ಹೊರಡುತ್ತಾನೆ. ಬಸವಣ್ಣ ಕೈಮುಗಿದು ಕೇಳುತ್ತಾನೆ. ಗುರಿ ಒಂದೇ, ವಾಕ್ಯರಚನೆ ಬೇರೆ. ಆ ವಾಕ್ಯರಚನೆಯಲ್ಲೇ ಬಸವಣ್ಣನ ವೈಶಿಷ್ಟ್ಯವಿದೆ. ತನ್ನ ಮನಸ್ಸು ತನ್ನ ಹಿಡಿತದಲ್ಲಿಲ್ಲವೆಂಬುದನ್ನು ಆತ ಬಲ್ಲ. ಇಡೀ ವಚನಸಾಹಿತ್ಯದಲ್ಲಿ ತನ್ನ ಮನಸ್ಸಿನ ಚಪಲತೆಯನ್ನು ಆತನಷ್ಟು ಹತ್ತಿರದಿಂದ ನೋಡಿ, ಕೋತಿಗೂ ನಾಯಿಗೂ ಹೋಲಿಸಿ ಬೈದುಕೊಂಡವರು ಕಡಮೆ. ಮನಸ್ಸನ್ನು ಹೀಗೆ ದಿನವೂ ಪಕ್ಕದಲ್ಲಿ ಕೂರಿಸಿಕೊಂಡು ನೋಡುವುದು ಧ್ಯಾನವಲ್ಲದೆ ಇನ್ನೇನು? ನೋಡಿದ್ದನ್ನು ಇನ್ನೊಬ್ಬನಿಗೆ ಒಪ್ಪಿಸುತ್ತಾನೆಂಬುದೊಂದೇ ವ್ಯತ್ಯಾಸ. ಪತಂಜಲಿಯೂ ಈ ಒಪ್ಪಿಸುವಿಕೆಯನ್ನು ಹೊರಗಿಟ್ಟಿಲ್ಲ. ಈಶ್ವರಪ್ರಣಿಧಾನವನ್ನು ನಿಯಮಗಳಲ್ಲಿ ಒಂದಾಗಿ ಎಣಿಸಿದ, ಸಮಾಧಿಗೆ ನೇರವಾದ ದಾರಿಯೆಂದೂ ಹೇಳಿದ.

ಇನ್ನು ಅಲ್ಲಮ. ಧ್ಯಾನದ ತುದಿಯೆಂದು ನಾವು ಕೂರಿಸಿದ ಈ ಮಹಾನುಭಾವನೂ ಸಂಬೋಧನೆಯನ್ನು ಬಿಡಲಾರ. ಬಯಲು, ಶೂನ್ಯ, ನಿಶ್ಶಬ್ದ ಎಂದು ಎಷ್ಟು ದೂರ ಹೋದರೂ ವಚನದ ಕೊನೆಗೆ ಗುಹೇಶ್ವರನನ್ನು ಕೂಗಿಯೇ ನಿಲ್ಲಬೇಕು. ಒಮ್ಮೊಮ್ಮೆ ಆ ಹೆಸರನ್ನು ಸಂಬೋಧನೆಯಿಂದ ಕಿತ್ತು, ಗುಹೇಶ್ವರನೆಂಬ ಲಿಂಗವೆಂದು ಪ್ರಥಮಪುರುಷಕ್ಕೆ ತಳ್ಳುತ್ತಾನೆ. ಆಗ ಕರೆಯ ದನಿ ಅಡಗಿ ನೋಟದ ದನಿ ಏಳುತ್ತದೆ. ಮುಂದಿನ ವಚನದಲ್ಲಿ ಮತ್ತೆ ಕರೆ. ಈ ಹೋಗಿಬರುವಿಕೆಯೇ ಅಲ್ಲಮನ ಲಯ. ಅಂಕಿತ ಬರಿಯ ಸಂಪ್ರದಾಯ, ಅದಕ್ಕೆ ಇಷ್ಟು ಅರ್ಥ ಹಚ್ಚಬೇಡಿ ಎಂದು ಒಬ್ಬ ಹಿರಿಯ ಮಿತ್ರರು ಆಕ್ಷೇಪಿಸಿದ್ದುಂಟು. ಸಂಪ್ರದಾಯವನ್ನೆಲ್ಲ ಒಡೆದವನು ಇದೊಂದನ್ನು ಯಾಕೆ ಉಳಿಸಿಕೊಂಡ ಎಂಬುದೇ ನಮ್ಮ ಕುತೂಹಲ.

ಅಲ್ಲಮನ ವಿಷಯ ಬಂದಾಗ ಡಿ. ಆರ್. ನಾಗರಾಜರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 1954ರಲ್ಲಿ ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ ಹುಟ್ಟಿ, 1998ರಲ್ಲಿ, ಇನ್ನೂ ಬರೆಯಬೇಕಾದ್ದು ಎಷ್ಟೋ ಇರುವಾಗಲೇ ತೀರಿಕೊಂಡ ಈ ವಿಮರ್ಶಕರ 'ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ' ಅವರ ನಿಧನಾನಂತರ 1999ರಲ್ಲಿ ಹೊರಬಂದಿತು. ಅಲ್ಲಮನನ್ನು ಸಮಾಜಸುಧಾರಣೆಯ ಚೌಕಟ್ಟಿನಿಂದ ಹೊರತಂದು ಭಾರತದ ಶೈವದರ್ಶನಗಳ ವಿಶಾಲವಾದ ಬಯಲಿನಲ್ಲಿ ನಿಲ್ಲಿಸಿ ನೋಡಿದ ಪುಸ್ತಕ ಅದು. ಕನ್ನಡ ವಿಮರ್ಶೆಯಲ್ಲಿ ಅದಕ್ಕೆ ಸಮನಾದ ಪುಸ್ತಕಗಳು ಹೆಚ್ಚಿಲ್ಲ. ಆದರೆ ಅದರ ಪ್ರಭಾವಕ್ಕೆ ಸಿಕ್ಕವರಲ್ಲಿ ಅನೇಕರು ಅಲ್ಲಮನ ಸೂಕ್ಷ್ಮತೆಯನ್ನು ಕಲಿಯುವುದಕ್ಕೆ ಬದಲು ಬಸವಣ್ಣನ ಸರಳತೆಯನ್ನು ಕನಿಕರದಿಂದ ನೋಡುವುದನ್ನು ಕಲಿತರು. ಗುರುವಿನ ಪುಸ್ತಕದಿಂದ ಶಿಷ್ಯರು ತಮಗೆ ಬೇಕಾದ್ದನ್ನು ತೆಗೆದುಕೊಳ್ಳುವುದು ಹೊಸದೇನಲ್ಲ.

ಅಲ್ಲಮನ ಕಥೆಯನ್ನು ನಮಗೆ ಮೊದಲು ಕಾವ್ಯವಾಗಿ ಕೊಟ್ಟವನು ಹರಿಹರ. 'ಪ್ರಭುದೇವರ ರಗಳೆ'ಯಲ್ಲಿ ಅಲ್ಲಮ ಮದ್ದಳೆಯ ಜಾಣ, ಕಮಲತೆಯ ಪ್ರಿಯ. ಕಮಲತೆ ಜ್ವರದಿಂದ ಸಾಯುತ್ತಾಳೆ. ದುಃಖದಲ್ಲಿ ಮರುಳನಂತೆ ಅಲೆದು ಒಂದು ತೋಟದಲ್ಲಿ ಕುಳಿತ ಅಲ್ಲಮ ಕಾಲುಗುರಿನಿಂದ ನೆಲವನ್ನು ಕೆರೆಯುತ್ತಿರುವಾಗ ಮಣ್ಣಿನೊಳಗಿಂದ ಚಿನ್ನದ ಕಳಸವೊಂದು ತೋರುತ್ತದೆ. ಅಗೆದರೆ ಕೆಳಗೆ ಹುದುಗಿದ ದೇಗುಲ; ಒಳಗೆ ಅನಿಮಿಷಯ್ಯ, ರೆಪ್ಪೆ ಬಡಿಯದೆ, ಅಂಗೈಯ ಲಿಂಗದಲ್ಲಿ ನೋಟ ನೆಟ್ಟು ಕೂತಿದ್ದಾನೆ. ಆ ಲಿಂಗ ಅಲ್ಲಮನ ಕೈಗೆ ಬರುತ್ತದೆ; ಅನಿಮಿಷಯ್ಯನ ಉಸಿರು ನಿಲ್ಲುತ್ತದೆ.

ಕನ್ನಡದಲ್ಲಿ ಧ್ಯಾನವನ್ನು ಕುರಿತ ಇದಕ್ಕಿಂತ ದೊಡ್ಡ ಕಥೆಯನ್ನು ನಾವು ಕಾಣೆವು. ಒಂದೊಂದು ವಿವರವನ್ನೂ ನಿಂತು ನೋಡಬೇಕು. ಅಲ್ಲಮ ಧ್ಯಾನವನ್ನು ಹುಡುಕಿಕೊಂಡು ಹೋದವನಲ್ಲ. ಸತ್ತ ಹೆಣ್ಣಿನ ನೆನಪಿನಲ್ಲಿ ನೆಲ ಕೆರೆದವನು. ಆತನ ಬಾಯಲ್ಲಿ ಪ್ರಾರ್ಥನೆಯ ಒಂದು ಮಾತೂ ಇಲ್ಲ, ಆದರೆ ಕಾಲುಗುರಿಗೆ ಮಾತು ಬಂದಿದೆ. ಇನ್ನು ಅನಿಮಿಷಯ್ಯ ಯಾರಿಗಾಗಿ ರೆಪ್ಪೆ ಬಡಿಯದೆ ಕೂತಿದ್ದ? ಲಿಂಗ ಕೈಬಿಟ್ಟೊಡನೆ ಪ್ರಾಣ ಹೋಯಿತೆಂದರೆ, ಆತ ಕಾಯುತ್ತಿದ್ದ ಎಂದೇ ಅಲ್ಲವೆ? ಕಾಯುವುದರಲ್ಲಿ ಎದುರಿಗೆ ಬರಬೇಕಾದ ಒಬ್ಬನಿದ್ದೇ ಇರುತ್ತಾನೆ. ಅಂಗೈಯ ಲಿಂಗವೂ ಅಷ್ಟೆ: ಪೂಜೆಗೆ ಕೂತವನಿಗೆ ಅದು ದೇವರು, ದೃಷ್ಟಿ ನಿಲ್ಲಿಸಿದವನಿಗೆ ಅದು ನೋಟದ ಆಲಂಬನ, ವಸ್ತು ಮಾತ್ರ ಒಂದೇ, ಹಿಡಿದ ಕೈಯೂ ಒಂದೇ. ಇಂಥ ಕಥೆಯನ್ನು ಬರೆದ ಹರಿಹರ ಎಂಥ ಕವಿ? 'ರಕ್ಷಾಶತಕ'ವನ್ನು ಬರೆದವನು, ಹೆಸರಿನಲ್ಲೇ ಕಾಪಾಡೆಂಬ ಮೊರೆಯಿರುವ ನೂರು ಪದ್ಯಗಳ ಕರ್ತೃ. ಮೊರೆಯಿಡಲು ಬಲ್ಲವನಿಗೇ ಮೌನದ ಈ ಗುಹೆ ಕಂಡಿತೆಂಬುದು ನಮ್ಮ ಏಣಿಯ ಲೆಕ್ಕಕ್ಕೆ ಹೊಂದುವುದಿಲ್ಲ.

ಶೂನ್ಯಸಂಪಾದನೆಯಲ್ಲಿ ಇದಕ್ಕೆ ಪೂರಕವಾದ ಇನ್ನೊಂದು ಪ್ರಸಂಗವಿದೆ. ಅಲ್ಲಮ ಸಿದ್ಧರಾಮನೊಡನೆ ಕಲ್ಯಾಣಕ್ಕೆ ಬಂದು ಬಸವಣ್ಣನ ಮನೆಯ ಬಾಗಿಲಲ್ಲಿ ನಿಲ್ಲುತ್ತಾನೆ. ಬಸವಣ್ಣ ಒಳಗೆ ಲಿಂಗಪೂಜೆಯಲ್ಲಿದ್ದಾನೆ. ಎದ್ದು ಬರುವುದಿಲ್ಲ, ಕರೆಕಳುಹಿಸುತ್ತಾನೆ. ಹೊರಗೆ ಜಂಗಮ ನಿಂತಿರುವಾಗ ಒಳಗೆ ನಡೆಯುವ ಪೂಜೆ ಯಾರಿಗೆ ಎಂಬ ಪ್ರಶ್ನೆ ಏಳುತ್ತದೆ. ಏಣಿಯವರು ಇಲ್ಲಿ ಪ್ರಾರ್ಥನೆಯ ಸೋಲನ್ನು ಕಾಣುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಒಳಗೆ ಬಸವಣ್ಣ ಕಣ್ಣು ಮುಚ್ಚಿ ನಿರ್ವಿಕಲ್ಪ ಸಮಾಧಿಯಲ್ಲಿದ್ದನೆಂದೇ ಇಟ್ಟುಕೊಳ್ಳಿ. ಬಾಗಿಲಲ್ಲಿ ನಿಂತವನ ಸಿಟ್ಟು ಕಡಮೆಯಾಗುತ್ತಿತ್ತೆ? ಅಲ್ಲಮನ ಆಕ್ಷೇಪ ಬೇಡುವುದನ್ನು ಕುರಿತದ್ದಲ್ಲ, ಬಂದವನನ್ನು ಕಾಣದಿರುವುದನ್ನು ಕುರಿತದ್ದು. ಆ ಬಾಣ ಪೂಜಕನಿಗೂ ತಗುಲುತ್ತದೆ, ಧ್ಯಾನಿಗೂ ತಗುಲುತ್ತದೆ. ಕೊನೆಗೆ ಎದ್ದು ಬಂದು ಬಾಗುವವನು ಬಸವಣ್ಣ; ಬಾಗುವುದು ಆತನಿಗೆ ಮೊದಲೇ ಅಭ್ಯಾಸವಾಗಿತ್ತೆಂಬುದನ್ನು ಮರೆಯಬಾರದು.

ಎರಡೂ ಒಂದೇ ಎಂದು ಸಾಧಿಸುವುದು ನಮ್ಮ ಉದ್ದೇಶವೆಂದು ವಾಚಕರು ತಿಳಿಯಬಾರದು. ಒಂದೇ ಅಲ್ಲ. ಪ್ರಾರ್ಥನೆಯಿಂದ ಮಾತ್ರ ಆಗುವ ಕೆಲಸಗಳಿವೆ; ಅವುಗಳಲ್ಲಿ ದೊಡ್ಡದು ಜಗಳ. ದಾಸರ ನಿಂದಾಸ್ತುತಿಗಳನ್ನು ನೋಡಿ. ಪುರಂದರದಾಸರು ವಿಠಲನನ್ನು ಸಾಲಗಾರನನ್ನು ಹಿಡಿದಂತೆ ಹಿಡಿದು ಕೇಳುತ್ತಾರೆ. ಮೌನದೊಡನೆ ಯಾರೂ ಜಗಳವಾಡಲಾರರು. ಉಸಿರನ್ನು ಗಮನಿಸುತ್ತ ಕೂತವನಿಗೆ ತನ್ನ ಮಗುವಿನ ಸಾವನ್ನು ಕುರಿತು ಯಾರನ್ನು ಕೇಳಬೇಕೆಂಬುದೇ ತಿಳಿಯದು. ಅವನಿಗೆ ಶಾಂತಿ ಸಿಗಬಹುದು, ಉತ್ತರವಾದಿ ಸಿಗಲಾರ. ಹಾಗೆಯೇ ಧ್ಯಾನದಿಂದ ಮಾತ್ರ ಆಗುವ ಕೆಲಸವೂ ಒಂದಿದೆ. ಬೇಡುವ 'ನಾನು' ಯಾರೆಂದು ತಿರುಗಿ ನೋಡುವುದು. ಅಕ್ಕಮಹಾದೇವಿ ಕಾಡಿನ ಹಕ್ಕಿ ದುಂಬಿಗಳನ್ನೆಲ್ಲ ನಿಲ್ಲಿಸಿ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳುತ್ತಾಳೆ. ಅದು ಪ್ರಾರ್ಥನೆಯ ಹುಚ್ಚು. ಕೊನೆಗೆ ಕಂಡ ಮೇಲಿನ ಆಕೆಯ ವಚನಗಳಲ್ಲಿ ಕೇಳುವವಳೇ ಕರಗಿರುತ್ತಾಳೆ. ಮೊದಲಿನವು ಕೆಳಗಿನವು, ಅನಂತರದವು ಮೇಲಿನವು ಎಂದು ಹೇಳುವ ಧೈರ್ಯ ಕಾವ್ಯ ಬಲ್ಲ ಯಾರಿಗೂ ಬರಲಾರದು. ಕಾವ್ಯದ ದೃಷ್ಟಿಯಿಂದ ಹುಡುಕಾಟದ ವಚನಗಳೇ ಒಂದು ಕೈ ಮೇಲೆಂದು ಈ ಲೇಖಕನ ಮತ.

ಬೇಡಿಕೆಯೇ ಧ್ಯಾನವಾಗುವ ವಿಚಿತ್ರವೂ ಉಂಟು. ಕನಕದಾಸರ 'ಹರಿಭಕ್ತಿಸಾರ'ವನ್ನು ಹಿಂದೆ ಮಠದ ಶಾಲೆಗಳಲ್ಲಿ ಹುಡುಗರು ಬಾಯಿಪಾಠ ಮಾಡುತ್ತಿದ್ದರು. ನೂರಕ್ಕೂ ಮೇಲ್ಪಟ್ಟ ಭಾಮಿನಿ ಷಟ್ಪದಿಗಳು. ಪದ್ಯ ಪದ್ಯವೂ ಬಂದು ಸೇರುವುದು ಅದೇ ಬೇಡಿಕೆಗೆ. ಮೊದಲ ಹತ್ತು ಪದ್ಯಗಳಲ್ಲಿ ಅದು ಬೇಡಿಕೆಯಾಗಿಯೇ ಕೇಳಿಸುತ್ತದೆ. ಐವತ್ತು ದಾಟುವ ಹೊತ್ತಿಗೆ ಏನನ್ನು ಬೇಡುತ್ತಿದ್ದೇವೆಂಬುದು ಹಿಂದೆ ಬೀಳುತ್ತದೆ. ಷಟ್ಪದಿಯ ಮೂರನೆಯ ಆರನೆಯ ಸಾಲುಗಳ ಏರು, ಮತ್ತೆ ಬರುವ ಅದೇ ಪಲ್ಲವಿಯ ಇಳಿತ, ಇವಷ್ಟೇ ಉಳಿಯುತ್ತವೆ. ಜಪವೆಂದರೆ ಇದೇ. ಕನಕದಾಸರು ಇದನ್ನು ಲೆಕ್ಕ ಹಾಕಿ ಮಾಡಿದರೆಂದು ನಾವು ಹೇಳುವುದಿಲ್ಲ, ಛಂದಸ್ಸು ಮಾಡಿಸಿತು. ಇದಕ್ಕೆ ವಿರುದ್ಧವಾದ ಅಪಾಯಕ್ಕೆ ಉದಾಹರಣೆ ಬೇಕಾದರೆ ನಮ್ಮ ಅನುಭಾವ ಪದ್ಯಗಳ ಸಂಗ್ರಹಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಷಟ್ಚಕ್ರ, ನಾದಬಿಂದು, ಉನ್ಮನಿ ಎಂದು ಪರಿಭಾಷೆಯ ಪಟ್ಟಿ ಕೊಟ್ಟು ಮುಗಿಯುವ ಪದ್ಯಗಳಲ್ಲಿ ಕರೆಯೂ ಇಲ್ಲ, ಕರೆಯುವವನೂ ಇಲ್ಲ; ಶಾಸ್ತ್ರವಿದೆ, ಕಾವ್ಯವಿಲ್ಲ. ರತ್ನಾಕರವರ್ಣಿಯಂಥವನು ಮಾತ್ರ, ಹದಿನಾರನೆಯ ಶತಮಾನದ ತನ್ನ 'ಭರತೇಶವೈಭವ'ದಲ್ಲಿ, ಅರಮನೆಯ ಭೋಗದ ನಡುವೆ ಕಣ್ಣು ಮುಚ್ಚಿ ಆತ್ಮಧ್ಯಾನಕ್ಕೆ ಕೂಡುವ ಚಕ್ರವರ್ತಿಯನ್ನು ತಂದು, ಧ್ಯಾನಕ್ಕೆ ಒಂದು ಮನೆ, ಒಂದು ಸಂಸಾರ, ಒಂದು ಬೆಳಗು ಬೈಗುಗಳನ್ನು ಕೊಟ್ಟು ಈ ಅಪಾಯದಿಂದ ಪಾರಾದ. ಸಾಂಗತ್ಯದ ಮಾತುಗಾರಿಕೆ ಅವನ ನೆರವಿಗೆ ಬಂತು.

ಹೊಸಗನ್ನಡ ಕಾವ್ಯ ಪ್ರಾರ್ಥನೆಯ ತೊಟ್ಟಿಲಲ್ಲೇ ಕಣ್ಣುಬಿಟ್ಟಿತು ಎಂಬುದನ್ನು ಇಂದಿನವರು ಮರೆತಂತಿದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮೊದಲ ಕವನಸಂಗ್ರಹದ ಹೆಸರೇ 'ಬಿನ್ನಹ', ಹೊರಬಂದದ್ದು 1922ರಲ್ಲಿ. ಹಗಲೆಲ್ಲ ಪ್ರಜೆಗಳ ಅರ್ಜಿಗಳನ್ನು ವಿಲೇವಾರಿ ಮಾಡುತ್ತಿದ್ದ ಮೈಸೂರು ಸಂಸ್ಥಾನದ ಅಧಿಕಾರಿ ತಾನೇ ಒಂದು ಅರ್ಜಿ ಹಿಡಿದು ನಿಂತಂತೆ ಆ ಕವನಗಳ ಧಾಟಿ: ಅಲಂಕಾರವಿಲ್ಲ, ಗೋಳಾಟವಿಲ್ಲ, ಹೇಳಬೇಕಾದ್ದನ್ನು ಹೇಳಿ ಕಾಯುವ ಸಂಯಮ. ಆ ಸಂಯಮವೇ ಮುಂದೆ ಅವರ ಸಣ್ಣಕಥೆಗಳ ಗದ್ಯವಾಯಿತೆಂದು ನಮಗೆ ತೋರುತ್ತದೆ. ನಾಲ್ಕು ವರ್ಷದ ಮೇಲೆ, 1926ರಲ್ಲಿ, ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ಬಂದಿತು. ಅದರಲ್ಲಿ ಜನರ ಬಾಯಲ್ಲಿ ಹೆಚ್ಚು ನಿಂತದ್ದು ಪ್ರೇಮಗೀತವಲ್ಲ, ಯುದ್ಧಗೀತವಲ್ಲ. ನ್ಯೂಮನ್ ಎಂಬ ಕ್ರೈಸ್ತ ಪಾದ್ರಿ 1833ರಲ್ಲಿ ಕಾಯಿಲೆಯಿಂದ ಎದ್ದು ಹಡಗಿನಲ್ಲ್ಲಿ ಊರಿಗೆ ಮರಳುವಾಗ ಬರೆದ ಪ್ರಾರ್ಥನೆಯ ಕನ್ನಡ ರೂಪ. ಶಾಲೆಗಳಲ್ಲಿ, ಸಭೆಗಳಲ್ಲಿ ಜಾತಿಮತಗಳ ನೆನಪಿಲ್ಲದೆ ಅದನ್ನು ಹಾಡುತ್ತ ಬಂದಿದ್ದೇವೆ. ಆ ಪದ್ಯ ಬೇಡುವುದಾದರೂ ಎಷ್ಟು? ದೂರದ ಗುರಿಯನ್ನು ತೋರಿಸಬೇಡ, ಕಾಲ ಮುಂದಿನ ಅಷ್ಟು ನೆಲ ಕಂಡರೆ ಆಯಿತು ಎಂಬಷ್ಟು. ಬೇಡಿಕೆಯನ್ನು ಇಷ್ಟು ಚಿಕ್ಕದು ಮಾಡಿಕೊಂಡವನ ಮನಸ್ಸು ಎಲ್ಲಿ ನಿಂತಿರುತ್ತದೆ? ಈ ಹೊತ್ತಿನ ಈ ಹೆಜ್ಜೆಯಲ್ಲಿ. ಧ್ಯಾನದ ಗುರುಗಳು ಶುಲ್ಕ ತೆಗೆದುಕೊಂಡು ಕಲಿಸುವುದೂ ಅದನ್ನೇ ತಾನೆ.

ನವ್ಯರು ಬಂದು ಈ ದನಿಯನ್ನು ಗೇಲಿ ಮಾಡಿದರೆಂದು ಹೇಳುವುದುಂಟು. ಗೋಪಾಲಕೃಷ್ಣ ಅಡಿಗರ 'ಪ್ರಾರ್ಥನೆ' ಎಂಬ ಕವನವೇ ಅದಕ್ಕೆ ಸಾಕ್ಷಿಯೆಂದು ತೋರಿಸುತ್ತಾರೆ. ಹೊಗಳಿ ಹೊಗಳಿ ಕೆಲಸ ಸಾಧಿಸಿಕೊಳ್ಳುವ ಭಕ್ತಿಯನ್ನು ಅಡಿಗರು ಅಲ್ಲಿ ಚೆನ್ನಾಗಿಯೇ ಜಾಡಿಸಿದ್ದಾರೆ. ಆದರೆ ಜಾಡಿಸುವುದಕ್ಕೂ ಅವರು ಪ್ರಭುವನ್ನೇ ಕರೆಯುತ್ತಾರೆ. ಕವನ ಸಂಬೋಧನೆಯಲ್ಲಿ ನಿಂತೇ ತನ್ನ ತಕರಾರನ್ನು ಹೇಳುತ್ತದೆ. ಸೊಕ್ಕೂ ವಿನಯವೂ ಒಂದರೊಡನೊಂದು ಗುದ್ದಾಡುವ ಆ ಕವನವನ್ನು ನಿಂದಾಸ್ತುತಿಯ ವಂಶದಲ್ಲಿ ಸೇರಿಸಿದರೆ ಕವಿಗೆ ಅನ್ಯಾಯವಾಗದು. ಅವರೇ 'ಶ್ರೀರಾಮನವಮಿಯ ದಿವಸ'ದಲ್ಲಿ ವಾಲ್ಮೀಕಿಯ ಹುತ್ತಕ್ಕೆ ಬಂದು ನಿಂತಾಗ ದನಿ ತಗ್ಗುತ್ತದೆ. ಒಬ್ಬನೇ ಕವಿಗೆ ಎರಡೂ ಬೇಕಾದುವು.

ಪ್ರಾರ್ಥನೆಯನ್ನು ಸಕಾರಣವಾಗಿ ನಿರಾಕರಿಸಿದವರೂ ನಮ್ಮಲ್ಲಿದ್ದಾರೆ. ಎ. ಎನ್. ಮೂರ್ತಿರಾಯರ 'ದೇವರು' (1991) ಅಂಥ ಪುಸ್ತಕ. ತೊಂಬತ್ತರ ವಯಸ್ಸಿನಲ್ಲಿ ಅಷ್ಟು ತಿಳಿಯಾಗಿ, ಅಷ್ಟು ಸಜ್ಜನಿಕೆಯಿಂದ ಇಲ್ಲ ಎನ್ನಬಲ್ಲವರು ಅಪರೂಪ. ಅವರೊಡನೆ ವಾದಿಸಲು ಇದು ಸ್ಥಳವಲ್ಲ. ಅವರ ನಿರಾಕರಣೆಯಲ್ಲಿ ಒಂದು ಪ್ರಾಮಾಣಿಕತೆಯಿದೆ: ಪ್ರಾರ್ಥನೆಯನ್ನು ಬಿಟ್ಟು, ಅದರ ಜಾಗದಲ್ಲಿ ಧ್ಯಾನವೆಂಬ ಹೆಸರಿನ ಇನ್ನೊಂದು ಪೀಠವನ್ನು ಹಾಕಿ ಕೂರಲಿಲ್ಲ.

ಕೇಳುವ ದೇವರು ಇಲ್ಲದಿದ್ದರೆ ಬಿನ್ನಹದ ನುಡಿಗೆ ಏನಾಗುತ್ತದೆ? ಇದಕ್ಕೆ ಉತ್ತರ ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯಲ್ಲಿ 1899ರಲ್ಲಿ ಹುಟ್ಟಿದ ವಿ. ಸೀತಾರಾಮಯ್ಯನವರಲ್ಲಿ ಇದೆ. ವಿ. ಸೀ. ಅವರನ್ನು ಧ್ಯಾನಶೀಲ ಕವಿಯೆಂದು ಕರೆಯುವುದು ವಾಡಿಕೆ. 'ಅರಲು ಬರಲು' ಸಂಗ್ರಹಕ್ಕೆ 1973ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗಲೂ ಆ ವಿಶೇಷಣ ಸಲ್ಲುವಂತಿತ್ತು. ತೂಗಿ, ನಿಂತು, ತನ್ನೊಳಗೇ ಮಾತಾಡಿಕೊಳ್ಳುವ ಕವಿ. ಅರ್ಥಶಾಸ್ತ್ರದ ಮೇಷ್ಟರು, ಮಾತನ್ನು ದುಂದು ಮಾಡದವರು. ಅಂಥವರ ಅಷ್ಟೂ ಕಾವ್ಯದಲ್ಲಿ ಓದುಬರಹ ಬಾರದವರ ಮನೆಗೂ ಹೋಗಿ ಸೇರಿದ್ದು ಒಂದೇ ಹಾಡು, ಮದುವೆಯಲ್ಲಿ ಹೆಣ್ಣನ್ನು ಒಪ್ಪಿಸಿಕೊಡುವಾಗ ಹಾಡುವ ಹಾಡು. ಅದರಲ್ಲಿ ದೇವರಿಗೆ ಸಲ್ಲಿಸಿದ ಬಿನ್ನಹ ಯಾವುದೂ ಇಲ್ಲ. ಬೀಗರನ್ನು ಎದುರಿಗೆ ನಿಲ್ಲಿಸಿಕೊಂಡು, ನಮ್ಮ ಅಂಗಳದಲ್ಲಿ ಬೆಳೆದದ್ದನ್ನು ನಿಮಗೆ ಕೊಡುತ್ತಿದ್ದೇವೆ, ನಿಮ್ಮದು ಮಾಡಿಕೊಳ್ಳಿ ಎಂದು ತಾಯಿತಂದೆ ಕೇಳಿಕೊಳ್ಳುತ್ತಾರೆ. ಆ ಹಾಡಿನಲ್ಲಿ ಸಂಬೋಧನೆ ಇದೆ, ಮಧ್ಯಮಪುರುಷವಿದೆ, ವಿಧ್ಯರ್ಥವಿದೆ. ಬಸವಣ್ಣನ ವ್ಯಾಕರಣವೆಲ್ಲ ಹಾಗೆಯೇ ಇದೆ. ಕೊಡದಿರುವ ಅಧಿಕಾರವುಳ್ಳವರ ಎದುರು ಅಧಿಕಾರವಿಲ್ಲದವರು ಆಡುವ ಮಾತು ಅದು, ಯಾವ ಅನುಭಾವದ ಪರಿಭಾಷೆಯೂ ಅದರ ಬದಲಿಗೆ ನಿಲ್ಲಲಾರದು. ಹೊಸಕೋಟೆಯ ಕಡೆಯ ಛತ್ರಗಳಲ್ಲಿ ಈಗಲೂ ಆ ಹಾಡು ಕೇಳಿಬರುತ್ತದೆ. ಧ್ವನಿವರ್ಧಕ ಇದ್ದರೂ ಹಾಡುವ ಹೆಂಗಸರು ದನಿ ಏರಿಸುವುದಿಲ್ಲ. ಎರಡನೆಯ ನುಡಿಗೆ ಬರುವಷ್ಟರಲ್ಲಿ ಹೆಣ್ಣಿನ ತಾಯಿ ಹಾಡುವುದನ್ನು ನಿಲ್ಲಿಸಿರುತ್ತಾಳೆ, ಉಳಿದವರು ಮುಂದುವರಿಸುತ್ತಾರೆ.